ಮನೆಯ ಡ್ರಾಯರ್ ಬೀರು ಮೇಲೆ ಮೀನಿನ ಟ್ಯಾಂಕ್ ಇಡಬಹುದಾ?

ಪ್ರಶ್ನೆ: ಮೊದಲ ಸಲ ಮೀನು ಸಾಕೋಣ ಅಂತ ಗಾಜಿನ ಟ್ಯಾಂಕ್ ತಂದಿದ್ದೇನೆ. 60 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲ, 36 ಸೆಂ.ಮೀ. ಎತ್ತರ. ಸ್ಟ್ಯಾಂಡ್ ಬೇರೆ ಕೊಳ್ಳುವ ಬದಲು ಮನೆಯಲ್ಲಿ ಇರುವುದನ್ನೇ ಬಳಸಬೇಕು ಅಂತಿದ್ದೇನೆ. ಮೂರು ಇವೆ. ಒಂದು, 120 ಸೆಂ.ಮೀ. ಉದ್ದದ ಓದುವ ಮೇಜು. ಇನ್ನೊಂದು, ಪಾರ್ಟಿಕಲ್ ಬೋರ್ಡಿನ ಪುಸ್ತಕದ ಶೆಲ್ಫ್. 80 ಉದ್ದ, 30 ಆಳ, 75 ಎತ್ತರ. ಮೂರನೆಯದು ಹಳೇ ಮರದ ಡ್ರಾಯರ್ ಬೀರು; 75 ಉದ್ದ, 45 ಆಳ, 80 ಎತ್ತರ. ನಾನು 78 ಕೆಜಿ ಇದ್ದೇನೆ. ಶೆಲ್ಫ್ ಮೇಲೆ ಹತ್ತಿ ನಿಂತು ನೋಡಿದೆ, ಏನೂ ಆಗಲಿಲ್ಲ. ಹಾಗಾದರೆ ಶೆಲ್ಫೇ ಸಾಕಲ್ವಾ? ಬೀರು ಮೇಲಿಟ್ಟರೆ ಡ್ರಾಯರ್‌ಗಳಲ್ಲಿ ಬಟ್ಟೆ ಇಡಬಹುದಾ?

ಉತ್ತರ: ಶೆಲ್ಫ್ ಬೇಡ. ಮೇಜೂ ಬೇಡ. ಬೀರು ಆಗಬಹುದು, ಆದರೆ ಕೆಲವು ಪರೀಕ್ಷೆ ಮಾಡಿ ನೋಡಿದ ಮೇಲೆ. ಯಾಕೆ ಅಂತ ವಿವರವಾಗಿಯೇ ಹೇಳುತ್ತೇನೆ. ನಾಳೆ ಇನ್ನೊಂದು ಟ್ಯಾಂಕ್ ತಂದಾಗ ನೀವೇ ನೋಡಿ ತೀರ್ಮಾನ ಮಾಡುವ ಹಾಗಿರಬೇಕು.

ಮೊದಲು ತೂಕ ಎಷ್ಟು ಅಂತ ನೋಡೋಣ. ಉದ್ದ, ಅಗಲ, ಎತ್ತರ ಮೂರನ್ನೂ ಸೆಂ.ಮೀ.ನಲ್ಲಿ ಗುಣಿಸಿ 1000ದಿಂದ ಭಾಗಿಸಿದರೆ ಲೀಟರ್ ಸಿಗುತ್ತದೆ. ನಿಮ್ಮದು 64.8 ಲೀಟರ್. ಒಂದು ಲೀಟರ್ ನೀರು ಅಂದರೆ ಒಂದು ಕೆಜಿ. ಅಂಚಿನವರೆಗೆ ಯಾರೂ ತುಂಬಿಸುವುದಿಲ್ಲ, ನಿಜ. ಆದರೂ 65 ಕೆಜಿ ಅಂತಲೇ ಹಿಡಿಯಿರಿ, ಲೆಕ್ಕ ಸ್ವಲ್ಪ ಜಾಸ್ತಿ ಇದ್ದರೇ ಒಳ್ಳೆಯದು. ಗಾಜು 5 ಮಿ.ಮೀ. ದಪ್ಪದ್ದಾದರೆ ಚದರ ಮೀಟರಿಗೆ 12.5 ಕೆಜಿ ತೂಗುತ್ತದೆ. ನಿಮ್ಮ ಟ್ಯಾಂಕಿನ ಐದು ಗಾಜೂ ಸೇರಿ ಸುಮಾರು 10 ಕೆಜಿ. ತಳಕ್ಕೆ 5 ಸೆಂ.ಮೀ. ಸಣ್ಣ ಕಲ್ಲು ಹಾಸಿದರೆ ಅದು ಸುಮಾರು 14 ಕೆಜಿ ಆಗುತ್ತದೆ. ಆದರೆ ಕಲ್ಲು ತನ್ನ ಜಾಗದ ನೀರನ್ನು ಹೊರಗೆ ತಳ್ಳುವುದರಿಂದ, ಒಟ್ಟು ತೂಕಕ್ಕೆ ಸೇರುವುದು 8–9 ಕೆಜಿ ಮಾತ್ರ. ಮುಚ್ಚಳ, ಲೈಟು, ಫಿಲ್ಟರ್ ಎಲ್ಲಾ ಸೇರಿಸಿ 90 ಕೆಜಿ ಅಂತ ಇಟ್ಟುಕೊಳ್ಳಿ.

ಈ 90 ಕೆಜಿ ಕೂರುವುದು 60 ಸೆಂ.ಮೀ.ಗೆ 30 ಸೆಂ.ಮೀ. ಜಾಗದಲ್ಲಿ. ನೆಲದ ಬಗ್ಗೆ ಚಿಂತೆ ಬೇಡ. ಬಹಳಷ್ಟು ದೇಶಗಳಲ್ಲಿ ವಾಸದ ಮನೆಯ ನೆಲವನ್ನು ಚದರ ಮೀಟರಿಗೆ 150ರಿಂದ 200 ಕೆಜಿ ಹೊರುವ ಹಾಗೆ ಲೆಕ್ಕ ಹಾಕಿ ಕಟ್ಟುತ್ತಾರೆ, ಅದೂ ಇಡೀ ಕೋಣೆ ತುಂಬ. ಒಂದು ಮೂಲೆಯಲ್ಲಿ 90 ಕೆಜಿ ಅಂದರೆ ದಪ್ಪ ಮನುಷ್ಯರೊಬ್ಬರು ನಿಂತ ಹಾಗೆ, ಅಷ್ಟೇ. ಪುಸ್ತಕ ತುಂಬಿದ ದೊಡ್ಡ ಕಪಾಟು ಇದಕ್ಕಿಂತ ಭಾರ ಇರುತ್ತದೆ. ಕಷ್ಟ ಇರುವುದು ನೆಲಕ್ಕೂ ಟ್ಯಾಂಕಿಗೂ ನಡುವೆ ಇರುವ ಪೀಠೋಪಕರಣದಲ್ಲಿ.

ಈಗ ನೀವು ಹತ್ತಿ ನಿಂತ ವಿಷಯ. ಈ ಪರೀಕ್ಷೆಯನ್ನು ಬಹಳ ಜನ ಮಾಡುತ್ತಾರೆ. ಮಾಡಿದವರೆಲ್ಲ ‘ಏನೂ ಆಗಲಿಲ್ಲ’ ಅಂತಲೇ ಹೇಳುತ್ತಾರೆ. ಆಗುವುದೂ ಇಲ್ಲ. ನೀವು ನಿಂತಿದ್ದು ಒಂದೆರಡು ನಿಮಿಷ. ಟ್ಯಾಂಕ್ ನಿಲ್ಲುವುದು ಹಗಲು ರಾತ್ರಿ, ವರ್ಷಗಟ್ಟಲೆ. ಮರ ಆಗಲಿ, ಮರದ ಪುಡಿ ಒತ್ತಿ ಮಾಡಿದ ಬೋರ್ಡ್ ಆಗಲಿ, ಒಂದೇ ಭಾರವನ್ನು ಬಿಡುವಿಲ್ಲದೆ ಹೊತ್ತರೆ ನಿಧಾನವಾಗಿ ಬಾಗುತ್ತಾ ಹೋಗುತ್ತದೆ. ಮೊದಲ ದಿನ ಕಣ್ಣಿಗೆ ಕಾಣದಷ್ಟು. ಆರು ತಿಂಗಳಿಗೆ ಬೆರಳಿಗೆ ಸಿಗುವಷ್ಟು. ಪಾರ್ಟಿಕಲ್ ಬೋರ್ಡ್ ಹೀಗೆ ಬಾಗುವುದರಲ್ಲಿ ಗಟ್ಟಿ ಮರಕ್ಕಿಂತ ಬಹಳ ಮುಂದೆ. ಆಮೇಲೆ ಭಾರ ಇಳಿಸಿದರೂ ಪೂರ್ತಿ ನೇರ ಆಗುವುದಿಲ್ಲ.

ಅದಕ್ಕೇ ‘ತಡೆಯುತ್ತಾ?’ ಅಂತ ಕೇಳುವುದನ್ನು ಬಿಟ್ಟು, ‘ಈ ಭಾರ ನೆಲಕ್ಕೆ ಯಾವ ದಾರಿಯಲ್ಲಿ ಇಳಿಯುತ್ತೆ?’ ಅಂತ ಕೇಳಿ. ಟ್ಯಾಂಕಿನ ಒಂದೊಂದು ಮೂಲೆಯ ಕೆಳಗೂ ಬೆರಳಿಟ್ಟು, ಅಲ್ಲಿಂದ ಕೆಳಕ್ಕೆ ನೆಲದವರೆಗೆ ಬೆರಳು ಎಳೆಯುತ್ತಾ ಬನ್ನಿ. ಬೆರಳು ಉದ್ದಕ್ಕೂ ಗಟ್ಟಿ ಮರದ ಮೇಲೇ ಬಂದರೆ ಸರಿ. ನಡುವೆ ಗಾಳಿ ಸಿಕ್ಕಿತು, ಅಥವಾ ಭಾರ ಒಂದು ಸ್ಕ್ರೂ ಮೇಲೆ, ಒಂದು ಸಣ್ಣ ಮರದ ಗೂಟದ ಮೇಲೆ ನೇತಾಡುತ್ತಿದೆ ಅಂತಾದರೆ ಅಲ್ಲೇ ನಿಲ್ಲಿ. ತೊಂದರೆ ಶುರುವಾಗುವುದು ಆ ಜಾಗದಿಂದಲೇ. ಟ್ಯಾಂಕಿನ ಭಾರ ಮರದ ಮೇಲೆ ಕೂರಬೇಕು, ಸ್ಕ್ರೂ ಮೇಲೆ ಕೂರಬಾರದು.

ನಿಮ್ಮ ಶೆಲ್ಫಿಗೆ ಹೀಗೆ ಬೆರಳು ಎಳೆದು ನೋಡಿ. ಮೇಲಿನ ಹಲಗೆ ಎರಡು ಪಕ್ಕದ ಹಲಗೆಗಳ ನೆತ್ತಿಯ ಮೇಲೆ ಕೂತಿದೆಯಾ, ಅಥವಾ ಅವೆರಡರ ನಡುವೆ ಸಿಕ್ಕಿಸಿದ್ದಾರಾ? ಬಿಡಿ ಭಾಗ ತಂದು ಜೋಡಿಸುವ ಶೆಲ್ಫ್‌ಗಳಲ್ಲಿ ಎರಡೂ ಥರ ಇರುತ್ತವೆ. ನಡುವೆ ಸಿಕ್ಕಿಸಿದ್ದರೆ ಮೇಲಿನ ಅಷ್ಟೂ ಭಾರವನ್ನು ಹೊರುವುದು ನಾಲ್ಕಾರು ಗೂಟ ಮತ್ತು ತಿರುಗಿಸಿ ಬಿಗಿ ಮಾಡುವ ಲಾಕ್‌ಗಳು. ಇನ್ನು ನೆತ್ತಿಯ ಮೇಲೇ ಕೂತಿದ್ದರೂ ಪಕ್ಕದ ಹಲಗೆಗಳ ನಡುವೆ 80 ಸೆಂ.ಮೀ.ಗೆ ಹತ್ತಿರ ಖಾಲಿ ಇದೆ. ನಿಮ್ಮ ಟ್ಯಾಂಕ್ 60 ಸೆಂ.ಮೀ. ಅಂದರೆ ಟ್ಯಾಂಕಿನ ಎರಡೂ ತುದಿ ಪಕ್ಕದ ಹಲಗೆಯಿಂದ ಸುಮಾರು 10 ಸೆಂ.ಮೀ. ಒಳಗೆ, ಗಾಳಿಯ ಮೇಲಿರುವ ಹಲಗೆ ಮೇಲೆ ಬರುತ್ತವೆ.

ಹಲಗೆ ಬಾಗುವುದಕ್ಕೆ ಒಂದು ಲೆಕ್ಕ ಇದೆ, ಅದನ್ನು ನೆನಪಿಟ್ಟುಕೊಂಡರೆ ಬಹಳ ಉಪಯೋಗ. ಅದೇ ಹಲಗೆ, ಅದೇ ಭಾರ, ಆಸರೆಗಳ ನಡುವಿನ ದೂರ ಎರಡು ಪಟ್ಟಾದರೆ ಬಾಗುವುದು ಎರಡು ಪಟ್ಟಲ್ಲ, ಎಂಟು ಪಟ್ಟು. ದಪ್ಪಕ್ಕೂ ಹಾಗೇ. ದಪ್ಪ ಎರಡು ಪಟ್ಟು ಮಾಡಿದರೆ ಬಾಗುವುದು ಎಂಟರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಆದ್ದರಿಂದ ಹಲಗೆ ದಪ್ಪ ಮಾಡುವುದಕ್ಕಿಂತ ನಡುವೆ ಒಂದು ಆಸರೆ ಕೊಡುವುದು ಎಷ್ಟೋ ಸಲ ಸುಲಭದ ದಾರಿ.

‘ಹಾಗಾದರೆ ಶೆಲ್ಫ್ ಒಳಗೆ ಎರಡು ಪ್ಲೈವುಡ್ ತುಂಡು ನಿಲ್ಲಿಸಿದರೆ?’ ಅಂತ ನೀವು ಕೇಳಬಹುದು. ಒಳ್ಳೆಯ ಯೋಚನೆಯೇ. ಅಡ್ಡ ಹಲಗೆ ತೆಗೆದು, ತಳದಿಂದ ಮೇಲಿನ ಹಲಗೆವರೆಗೆ ಬಿಗಿಯಾಗಿ ಕೂರುವ ಹಾಗೆ ತುಂಡು ಕತ್ತರಿಸಿ ನಿಲ್ಲಿಸಿದರೆ ಭಾರಕ್ಕೆ ನೇರ ದಾರಿ ಸಿಗುತ್ತದೆ. ಆದರೆ ಎಷ್ಟೋ ಶೆಲ್ಫ್‌ಗಳ ತಳದ ಹಲಗೆ ನೆಲಕ್ಕೆ ತಾಗಿರುವುದಿಲ್ಲ, ನಾಲ್ಕೈದು ಸೆಂ.ಮೀ. ಮೇಲೆ ಇರುತ್ತದೆ. ಆ ಸಂದಿಗೂ ಮರದ ತುಂಡು ಕೊಡದಿದ್ದರೆ ಮೇಲಿನ ಹಲಗೆಯ ಬದಲು ತಳದ ಹಲಗೆ ಬಾಗುತ್ತದೆ, ಅಷ್ಟೇ ವ್ಯತ್ಯಾಸ.

ಇಷ್ಟೆಲ್ಲ ಮಾಡಿದರೂ ನಿಮ್ಮ ಶೆಲ್ಫ್ ಬಗ್ಗೆ ನನಗೆ ಧೈರ್ಯ ಬರುವುದಿಲ್ಲ. ಕಾರಣ ಅದರ ಆಳ. ಬರೀ 30 ಸೆಂ.ಮೀ. ಆಳದ ಕಾಲಿನ ಮೇಲೆ, ನೆಲದಿಂದ 90 ಸೆಂ.ಮೀ. ಎತ್ತರದಲ್ಲಿ 90 ಕೆಜಿ. ಶೆಲ್ಫಿನ ತೂಕ 20 ಕೆಜಿ ಅಂತ ಸೇರಿಸಿ ಲೆಕ್ಕ ಹಾಕಿದರೂ, ಸುಮಾರು 10 ಡಿಗ್ರಿ ಮುಂದಕ್ಕೆ ವಾಲಿದರೆ ಸಾಕು, ಉರುಳುತ್ತದೆ. ವಾಲಿದಾಗ ಒಳಗಿನ ನೀರೂ ಅದೇ ಕಡೆಗೆ ನುಗ್ಗುವುದರಿಂದ ಅಷ್ಟೂ ಬೇಕಾಗುವುದಿಲ್ಲ. ಒಂದು ಮಗು ಹಿಡಿದು ಎದ್ದು ನಿಲ್ಲಲು ನೋಡಿದರೆ ಏನಾಗಬಹುದು, ಯೋಚಿಸಿ. ಈ ಒಂದು ವಿಷಯದಲ್ಲಿ ನಾನು ರಾಜಿ ಆಗುವುದಿಲ್ಲ. ಜೊತೆಗೆ ಆ ಶೆಲ್ಫಿನ ಬೆನ್ನಿಗೆ ಏನಿದೆ ನೋಡಿ. ರಟ್ಟಿನ ಹಾಗಿರುವ ತೆಳು ಹಲಗೆಯನ್ನು ಸಣ್ಣ ಮೊಳೆಯಲ್ಲಿ ಹೊಡೆದಿರುತ್ತಾರೆ. ಶೆಲ್ಫ್ ಎಡಕ್ಕೆ ಬಲಕ್ಕೆ ಓರೆಯಾಗದ ಹಾಗೆ ಹಿಡಿದಿರುವುದು ಆ ತೆಳು ಬೆನ್ನೇ. ಪುಸ್ತಕಕ್ಕೆ ಅದು ಸಾಕು. ತುಳುಕುವ ನೀರಿಗೆ ಸಾಲದು.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ನನ್ನ ಮೊದಲ ಟ್ಯಾಂಕ್ ನಿಂತಿದ್ದು ಇಂಥದ್ದೇ ಪಾರ್ಟಿಕಲ್ ಬೋರ್ಡ್ ಕಪಾಟಿನ ಮೇಲೆ. 45 ಸೆಂ.ಮೀ. ಟ್ಯಾಂಕ್, ನಿಮ್ಮದಕ್ಕಿಂತ ಚಿಕ್ಕದು. ಏಳೆಂಟು ತಿಂಗಳು ಚೆನ್ನಾಗಿಯೇ ಇತ್ತು. ಒಂದು ದಿನ ಕೆಳಗಿನ ಬಾಗಿಲು ಹಾಕಲು ಬರಲಿಲ್ಲ, ಮೇಲಂಚಿಗೆ ತಾಗುತ್ತಿತ್ತು. ಬಾಗಿಲಿನ ತಿರುಗಣಿ ಸಡಿಲ ಆಗಿರಬೇಕು ಅಂತ ಸ್ಕ್ರೂ ಬಿಗಿ ಮಾಡಿ ಸುಮ್ಮನಾದೆ. ಎರಡು ವಾರ ಕಳೆದ ಮೇಲೆ ಹಿಂದಿನ ಅಂಚು ಒರೆಸುವಾಗ ಲ್ಯಾಮಿನೇಟ್ ಪಟ್ಟಿ ಬೆರಳಿಗೇ ಕಿತ್ತು ಬಂತು. ಒಳಗೆ ಹೆಬ್ಬೆರಳು ಒತ್ತಿದರೆ ಬೋರ್ಡು ನೆನೆದ ರಟ್ಟಿನ ಹಾಗೆ ಒಳಗೆ ಹೋಯಿತು, ಪುಡಿಪುಡಿಯಾಗಿ ಉದುರಿತು. ಫಿಲ್ಟರಿನ ವೈರ್ ಹಿಡಿದುಕೊಂಡು ಹನಿ ಹನಿ ನೀರು ಅಷ್ಟೂ ತಿಂಗಳು ಆ ಅಂಚಿಗೆ ಇಳಿಯುತ್ತಿತ್ತು. ಆ ರಾತ್ರಿಯೇ ಮೀನುಗಳನ್ನು ಬಕೆಟ್ಟಿಗೆ ಹಾಕಿ, ನೀರೆಲ್ಲ ತೆಗೆದು, ಟ್ಯಾಂಕನ್ನು ನೆಲಕ್ಕೆ ಇಳಿಸಿದೆ. ಮೀನು ಉಳಿದವು. ಕಪಾಟು ಉಳಿಯಲಿಲ್ಲ.

ಪಾರ್ಟಿಕಲ್ ಬೋರ್ಡಿನ ದೊಡ್ಡ ದೋಷ ಅದೇ. ಮೇಲ್ಮೈಯ ಲ್ಯಾಮಿನೇಟ್ ನೀರು ತಡೆಯುತ್ತದೆ. ಅಂಚಿನಲ್ಲಿ, ಸ್ಕ್ರೂ ತೂತಿನಲ್ಲಿ ನೀರು ಒಳಗೆ ಹೋದರೆ ಬೋರ್ಡ್ ಉಬ್ಬುತ್ತದೆ, ಒಣಗಿದರೂ ಮೊದಲಿನ ಹಾಗೆ ಆಗುವುದಿಲ್ಲ, ಸ್ಕ್ರೂ ಹಿಡಿತ ಕಳೆದುಕೊಳ್ಳುತ್ತದೆ. ಮರದ ನಾರು ಒತ್ತಿ ಮಾಡಿದ ಸಾದಾ ಎಂಡಿಎಫ್ ಹಲಗೆ ಕೂಡ ಹೆಚ್ಚು ಕಡಿಮೆ ಹಾಗೇ. ಗಟ್ಟಿ ಮರ ಮತ್ತು ನೀರು ತಡೆಯುವ ಅಂಟಿನ ಪ್ಲೈವುಡ್ ಇದನ್ನು ಬಹಳ ಮಟ್ಟಿಗೆ ತಾಳಿಕೊಳ್ಳುತ್ತವೆ. ಮೀನು ಸಾಕಿದ ಮೇಲೆ ನೀರು ಚೆಲ್ಲುವುದು ತಪ್ಪುವುದಿಲ್ಲ. ವಾರಕ್ಕೊಮ್ಮೆ ನೀರು ಬದಲಿಸುವಾಗ ಎಷ್ಟೇ ಜಾಗ್ರತೆ ಮಾಡಿದರೂ ಒಂದು ಲೋಟ ಆಚೆ ಬೀಳುತ್ತದೆ. ನೆನೆದಾಗಲೂ ಗಟ್ಟಿ ಇರುವುದನ್ನೇ ಆರಿಸಬೇಕು.

ಓದುವ ಮೇಜಿನ ಮಾತು ಬೇಗ ಮುಗಿಸುತ್ತೇನೆ. 120 ಸೆಂ.ಮೀ. ಉದ್ದ, ಮೂಲೆಗೊಂದು ಕಾಲು. ನಡುವೆ ಟ್ಯಾಂಕ್ ಇಟ್ಟರೆ ಹಲಗೆ ಬಾಗುತ್ತದೆ. ಒಂದು ತುದಿಗೆ ಇಟ್ಟರೆ ಎರಡು ಕಾಲಿಗೇ ಬಹುಪಾಲು ಭಾರ ಬೀಳುತ್ತದೆ. ಮೇಜಿನ ಅಂಚು ಹಿಡಿದು ಉದ್ದಕ್ಕೆ ಮೆಲ್ಲಗೆ ಅಲ್ಲಾಡಿಸಿ ನೋಡಿ. ಸ್ವಲ್ಪವಾದರೂ ಓಲಾಡಿದರೆ, ಮೇಲೆ 90 ಕೆಜಿ ಬಂದಾಗ ಆ ಓಲಾಟ ಕಾಲಿನ ಜೋಡಣೆಗಳನ್ನೇ ದಿನದಿಂದ ದಿನಕ್ಕೆ ಸಡಿಲ ಮಾಡುತ್ತದೆ. ಅಲ್ಲದೆ ಅದು ನೀವು ಕೂತು ಬರೆಯುವ ಮೇಜು. ಮೊಣಕಾಲು ತಾಗುತ್ತದೆ, ಕುರ್ಚಿ ತಾಗುತ್ತದೆ, ಪಕ್ಕದಲ್ಲಿ ಲ್ಯಾಪ್‌ಟಾಪ್ ಇರುತ್ತದೆ. 20 ಲೀಟರಿನ ಪುಟ್ಟ ಟ್ಯಾಂಕ್ ಆಗಿದ್ದರೆ, ಮೇಜು ಗಟ್ಟಿ ಇದ್ದು ಅಲ್ಲಾಡದಿದ್ದರೆ, ಕಾಲುಗಳ ಹತ್ತಿರ ಇಡಿ ಅನ್ನುತ್ತಿದ್ದೆ. ಆದರೆ ಪೀಠೋಪಕರಣಕ್ಕೋಸ್ಕರ ಟ್ಯಾಂಕ್ ಚಿಕ್ಕದು ಮಾಡಿಕೊಳ್ಳಿ ಅಂತ ಮಾತ್ರ ಹೇಳಲಾರೆ. ಹೊಸಬರಿಗೆ 60 ಲೀಟರೇ ಒಳ್ಳೆಯದು. ನೀರು ಜಾಸ್ತಿ ಇದ್ದಷ್ಟೂ ಅದರ ಬಿಸಿ, ಶುದ್ಧಿ ನಿಧಾನವಾಗಿ ಬದಲಾಗುತ್ತದೆ. ನಿಮ್ಮ ಸಣ್ಣಪುಟ್ಟ ತಪ್ಪುಗಳನ್ನು ಮೀನು ತಡೆದುಕೊಳ್ಳುತ್ತದೆ.

ಇನ್ನು ಬೀರು. 45 ಸೆಂ.ಮೀ. ಆಳ ಅನ್ನುವುದೇ ಅದರ ದೊಡ್ಡ ಗುಣ. ಟ್ಯಾಂಕಿನ ಮುಂದೆ ಹಿಂದೆ ಏಳೇಳು ಸೆಂ.ಮೀ. ಜಾಗ ಉಳಿಯುತ್ತದೆ, ಉರುಳುವ ಭಯ ಕಡಿಮೆ. ಆದರೆ ‘ಹಳೇ ಮರ, ಗಟ್ಟಿಯಾಗಿರುತ್ತೆ’ ಅಂತ ಸುಮ್ನೆ ನಂಬಬೇಡಿ. ಡ್ರಾಯರ್‌ಗಳನ್ನೆಲ್ಲ ಹೊರಗೆ ತೆಗೆಯಿರಿ. ಈಗ ಒಳಗೆ ಟಾರ್ಚ್ ಬಿಟ್ಟು ನೋಡಿ. ನಾಲ್ಕು ಮೂಲೆಯಲ್ಲೂ ಮೇಲಿನಿಂದ ನೆಲದವರೆಗೆ ಒಂದೇ ಉದ್ದದ ಮರದ ಕಂಬ ಇದೆಯಾ? ಪಕ್ಕದ ಹಲಗೆ ನೆಲದವರೆಗೆ ಬಂದಿದೆಯಾ? ಮೊದಲ ಡ್ರಾಯರಿನ ಮೇಲ್ಗಡೆ, ಮುಂದಿನ ಅಂಚಿನಲ್ಲಿ ಅಡ್ಡಪಟ್ಟಿ ಇದೆಯಾ? ಆ ಪಟ್ಟಿ ಬಹಳ ಮುಖ್ಯ. ಪಕ್ಕದಲ್ಲಿ ಹಲಗೆ ಇದೆ, ಹಿಂದೆ ಬೆನ್ನಿದೆ. ಮುಂದಿನ ಕಡೆ ಡ್ರಾಯರ್ ಬಾಯಿ ತೆರೆದಿರುವುದರಿಂದ ಮೇಲಿನ ಹಲಗೆಗೆ ಅಲ್ಲಿ ಇರುವ ಆಸರೆ ಆ ಪಟ್ಟಿ ಒಂದೇ. ಕಾಲುಗಳನ್ನು ಬೇರೆಯಾಗಿ ಸ್ಕ್ರೂ ಹಾಕಿ ಜೋಡಿಸಿದ್ದರೆ ಅಥವಾ ಕೆಳಗೆ ಚಕ್ರ ಇದ್ದರೆ ತೆಗೆದುಬಿಡಿ. ಬೀರು ನೇರವಾಗಿ ನೆಲದ ಮೇಲೆ ಕೂರಲಿ.

ಹಳೇ ಮರ ಅಂದಮೇಲೆ ಹುಳದ ಮಾತೂ ಬರುತ್ತದೆ. ಕೆಳಗಿನ ಅಂಚು, ಹಿಂಬದಿ, ಗೋಡೆ ಕಡೆಯ ಕಾಲು, ಇವನ್ನು ಬೆರಳ ಗೆಣ್ಣಿನಿಂದ ತಟ್ಟಿ ಕೇಳಿ. ಗಟ್ಟಿ ಮರ ಗಟ್ಟಿ ಸದ್ದು ಕೊಡುತ್ತದೆ, ಗೆದ್ದಲು ತಿಂದಿದ್ದರೆ ಪೊಳ್ಳು ಸದ್ದು ಬರುತ್ತದೆ. ಅನುಮಾನ ಬಂದ ಕಡೆ ಮೊಳೆಯ ತುದಿ ಒತ್ತಿ ನೋಡಿ. ಸಲೀಸಾಗಿ ಒಳಗೆ ಇಳಿದರೆ ಆ ಬೀರು ಈ ಕೆಲಸಕ್ಕೆ ಬೇಡ. ಸಣ್ಣ ತೂತಿನ ಕೆಳಗೆ ಹಿಟ್ಟಿನ ಹಾಗೆ ಪುಡಿ ಬಿದ್ದಿದ್ದರೂ ಬೇಡ.

ಎಲ್ಲಾ ಸರಿ ಇದೆ ಅಂತಿಟ್ಟುಕೊಳ್ಳಿ. ಬೀರು 75, ಟ್ಯಾಂಕ್ 60. ಅಂದರೆ ಇಲ್ಲೂ ಟ್ಯಾಂಕಿನ ತುದಿಗಳು ಪಕ್ಕದ ಹಲಗೆಗಿಂತ ಏಳೂವರೆ ಸೆಂ.ಮೀ. ಒಳಗೆ ಬರುತ್ತವೆ. ಇದಕ್ಕೆ ನನ್ನ ಸಲಹೆ, ಬೀರುವಿನ ನೆತ್ತಿಯ ಅಳತೆಗೇ 18 ಮಿ.ಮೀ. ದಪ್ಪದ, ನೀರು ತಡೆಯುವ ಪ್ಲೈವುಡ್ ಹಾಕಿ. ಅದರ ಎರಡು ತುದಿ ಪಕ್ಕದ ಹಲಗೆಗಳ ಮೇಲೇ ಬರಬೇಕು. ನಾಲ್ಕೂ ಅಂಚಿಗೆ ವಾರ್ನಿಷ್ ಎರಡು ಮೂರು ಕೋಟ್ ಕೊಡಿ. ಒಂದು ಪ್ಲೈ ಸಾಲದು, ಎರಡು ಹಾಕುತ್ತೇನೆ ಅಂದರೆ ಅವೆರಡನ್ನೂ ಮೈತುಂಬ ಅಂಟು ಹಾಕಿ ಸೇರಿಸಿ. ಸುಮ್ಮನೆ ಒಂದರ ಮೇಲೊಂದು ಇಟ್ಟರೆ ಎರಡು ಪಟ್ಟು ಬಿಗಿ, ಅಂಟಿಸಿ ಒಂದೇ ಹಲಗೆ ಮಾಡಿದರೆ ಎಂಟು ಪಟ್ಟು ಬಿಗಿ. ಅಂಟಿನ ಒಂದು ಪದರಕ್ಕೆ ಅಷ್ಟು ಶಕ್ತಿ ಇದೆ.

ಆಮೇಲೆ ಭಾರದ ಪರೀಕ್ಷೆ. ಹತ್ತಿ ನಿಲ್ಲುವ ಬದಲು ಹೀಗೆ ಮಾಡಿ. ಟ್ಯಾಂಕ್ ಕೂರುವ ಜಾಗವನ್ನು ಪೆನ್ಸಿಲಿನಲ್ಲಿ ಗುರುತು ಮಾಡಿ, ಆ ಗೆರೆಯೊಳಗೆ ನೀರು ತುಂಬಿದ ಕ್ಯಾನ್‌ಗಳನ್ನು ಇಟ್ಟು 90 ಕೆಜಿ ಮಾಡಿ. ಮುಂದೆ ಉಳಿದ ಏಳು ಸೆಂ.ಮೀ. ಜಾಗದಲ್ಲಿ ಉದ್ದದ ನೇರ ಅಳತೆಪಟ್ಟಿಯನ್ನು ಅದರ ಅಂಚಿನ ಮೇಲೆ ನಿಲ್ಲಿಸಿ, ಪಟ್ಟಿಗೂ ಹಲಗೆಗೂ ನಡುವೆ ಸಂದು ಇದೆಯಾ ನೋಡಿ. ಎಟಿಎಂ ಕಾರ್ಡಿನ ದಪ್ಪ 0.76 ಮಿ.ಮೀ. ಅದು ನಡುವೆ ಸಲೀಸಾಗಿ ನುಸುಳಿದರೆ ನನ್ನ ಪ್ರಕಾರ ಆಸರೆ ಸಾಲದು. ನುಸುಳದಿದ್ದರೂ ಕ್ಯಾನ್ ಇಳಿಸಬೇಡಿ. ಒಂದು ವಾರ ಹಾಗೇ ಬಿಡಿ. ಏಳನೇ ದಿನ ಮತ್ತೆ ನೋಡಿ. ಮೊದಲ ದಿನ ಎಷ್ಟು ಬಾಗಿತು ಅನ್ನುವುದಕ್ಕಿಂತ, ಮೊದಲ ದಿನಕ್ಕೂ ಏಳನೇ ದಿನಕ್ಕೂ ವ್ಯತ್ಯಾಸ ಬಂದಿದೆಯಾ ಅನ್ನುವುದು ಮುಖ್ಯ. ಇನ್ನೂ ಬಾಗುತ್ತಲೇ ಇದ್ದರೆ ಅದು ನಿಲ್ಲುವ ಬೀರು ಅಲ್ಲ. ಈ ವಾರವೆಲ್ಲ ಡ್ರಾಯರ್ ಎಳೆದು ತಳ್ಳಿ ಮಾಡುತ್ತಿರಿ. ಮೊದಲ ಡ್ರಾಯರ್ ಬಿಗಿಯಾದರೆ ಮೇಲಿನ ಪಟ್ಟಿ ಕೆಳಗೆ ಇಳಿಯುತ್ತಿದೆ ಅಂತ ಅರ್ಥ. ನನ್ನ ಕಪಾಟಿನ ಬಾಗಿಲು ಅಂದು ಹೇಳಿದ್ದೂ ಅದನ್ನೇ, ನನಗೆ ತಿಳಿಯಲಿಲ್ಲ.

ಪರೀಕ್ಷೆಯಲ್ಲಿ ಬೀರು ಪಾಸಾದರೆ ಮುಂದಿನದು ಮಟ್ಟ. ಗಾಜಿನ ಟ್ಯಾಂಕಿಗೆ ಭಾರಕ್ಕಿಂತ ಹೆಚ್ಚು ಕಾಟ ಕೊಡುವುದು ತಿರುಚು. ಇಡೀ ಟ್ಯಾಂಕ್ ಒಂದು ಕಡೆಗೆ ಎರಡು ಮಿ.ಮೀ. ವಾಲಿದರೆ ನೀರಿನ ಗೆರೆ ಓರೆ ಕಾಣುತ್ತದೆ ಅಷ್ಟೇ. ಆದರೆ ಮೂರು ಮೂಲೆ ಒಂದು ಮಟ್ಟದಲ್ಲಿದ್ದು ನಾಲ್ಕನೆಯದರ ಕೆಳಗೆ ಸಂದು ಇದ್ದರೆ, ನೀರಿನ ಭಾರ ಆ ಮೂಲೆಯನ್ನು ಕೆಳಗೆ ಒತ್ತುತ್ತಲೇ ಇರುತ್ತದೆ. ಗಾಜು ಬಾಗುವ ವಸ್ತು ಅಲ್ಲ. ತಳದ ಗಾಜು ಸೀಳಬಹುದು, ಅಥವಾ ಸಿಲಿಕೋನ್ ಜೋಡಣೆ ಎಳೆದು ಬಿಟ್ಟುಕೊಳ್ಳಬಹುದು. ಅದು ಇವತ್ತೇ ಆಗಬೇಕೆಂದಿಲ್ಲ.

ಹಾಗಾಗಿ ಖಾಲಿ ಟ್ಯಾಂಕನ್ನು, ಕೆಳಗೆ ಏನೂ ಹಾಕದೆ, ಅದರ ಜಾಗದಲ್ಲಿ ಇಡಿ. ಒಂದೊಂದು ಮೂಲೆಯನ್ನೂ ಬೆರಳಿನಿಂದ ಮೆಲ್ಲಗೆ ಒತ್ತಿ. ಟಕ್ ಅಂತ ಸದ್ದಾಗಿ ಅಲ್ಲಾಡಿದರೆ ತಿರುಚು ಇದೆ. ಆಮೇಲೆ ಒಂದು ಕಾಗದದ ಚೂರನ್ನು ನಾಲ್ಕೂ ಮೂಲೆಯಲ್ಲಿ ತಳಕ್ಕೆ ನುಗ್ಗಿಸಿ ನೋಡಿ. ಮೂರು ಕಡೆ ನಿಂತು ಒಂದು ಕಡೆ ಮಾತ್ರ ಒಳಗೆ ಜಾರಿ ಹೋದರೆ ಆ ಮೂಲೆ ಗಾಳಿಯಲ್ಲಿದೆ. ಇದನ್ನು ಸರಿ ಮಾಡಲು ಟ್ಯಾಂಕಿನ ಕೆಳಗೆ ಯಾವತ್ತೂ ಬೆಣೆ ಕೊಡಬೇಡಿ. ಬೆಣೆ ಇರುವ ಒಂದೇ ಜಾಗದಲ್ಲಿ ಗಾಜಿಗೆ ಅಷ್ಟೂ ಒತ್ತಡ ಬೀಳುತ್ತದೆ. ಬೆಣೆ ಕೊಡುವುದು ಬೀರುವಿನ ಕಾಲಿನ ಕೆಳಗೆ. ಬಹಳ ಸಲ ಬೀರು ಚೆನ್ನಾಗಿಯೇ ಇರುತ್ತದೆ, ನೆಲ ಏರುಪೇರಾಗಿ ಬೀರು ತಿರುಚಿಕೊಂಡಿರುತ್ತದೆ. ಕಾಲು ಸರಿಯಾದರೆ ನೆತ್ತಿಯೂ ಸರಿಯಾಗುತ್ತದೆ. ಸ್ಪಿರಿಟ್ ಲೆವೆಲ್ ಇಲ್ಲದಿದ್ದರೆ ಟ್ಯಾಂಕಿಗೇ ಐದು ಸೆಂ.ಮೀ. ನೀರು ಹಾಕಿ, ನಾಲ್ಕು ಮೂಲೆಯಲ್ಲೂ ನೀರಿನ ಎತ್ತರ ಅಳೆಯಿರಿ. ಆದರೆ ನೆನಪಿಡಿ, ಬೆಣೆ ಕೊಡುವ ಮೊದಲು ನೀರು ತೆಗೆಯಬೇಕು.

ಈಗ ಟ್ಯಾಂಕಿನ ಕೆಳಗೆ ಹಾಸುವ ಮ್ಯಾಟ್. ನಿಮ್ಮ ಟ್ಯಾಂಕಿನ ತಳ ನೋಡಿ. ತಳದ ಗಾಜು ನೇರವಾಗಿ ಹಲಗೆಗೆ ತಾಗುತ್ತಿದ್ದರೆ 5–6 ಮಿ.ಮೀ.ನ ಫೋಮ್ ಮ್ಯಾಟ್ ಹಾಕಿ. ತೆಳು ಯೋಗಾ ಮ್ಯಾಟ್ ತುಂಡೂ ಆಗುತ್ತದೆ. ಒಂದು ಮರಳಿನ ಕಾಳು ಸಿಕ್ಕಿಕೊಂಡರೂ ಗಾಜಿಗೆ ಕಷ್ಟ, ಮ್ಯಾಟ್ ಅದನ್ನು ನುಂಗಿಕೊಳ್ಳುತ್ತದೆ. ಸುತ್ತಲೂ ಪ್ಲಾಸ್ಟಿಕ್ ಚೌಕಟ್ಟು ಇದ್ದು, ತಳದ ಗಾಜು ಅದರಿಂದ ಸ್ವಲ್ಪ ಮೇಲೆ ಇದ್ದರೆ ಮ್ಯಾಟ್ ಹಾಕಬೇಡಿ. ಅಂಥ ಟ್ಯಾಂಕಿನಲ್ಲಿ ಭಾರ ಇಳಿಯುವುದು ಚೌಕಟ್ಟಿನ ಮೂಲಕ. ಚೌಕಟ್ಟು ಮೆತ್ತನೆಯ ಫೋಮ್ ಒಳಗೆ ಇಳಿದರೆ ಫೋಮ್ ತಳದ ಗಾಜನ್ನು ಕೆಳಗಿನಿಂದ ಮೇಲಕ್ಕೆ ಒತ್ತುತ್ತದೆ. ಮ್ಯಾಟ್ ಹಾಕಿದ ಮಾತ್ರಕ್ಕೆ ಬಾಗಿದ ಹಲಗೆ ನೇರ ಆಗುವುದಿಲ್ಲ, ತಿರುಚು ಹೋಗುವುದಿಲ್ಲ. ಮ್ಯಾಟನ್ನು ಟ್ಯಾಂಕಿನ ಅಳತೆಗೆ ಸರಿಯಾಗಿ ಕತ್ತರಿಸಿ. ಆಚೆಗೆ ಚಾಚಿಕೊಂಡಿದ್ದರೆ ಮೇಲೆ ಇಳಿದ ನೀರು ಅದರ ಮೇಲೆ ನಿಂತು ಕೆಳಕ್ಕೆ ನುಸುಳಿ, ಮರವನ್ನು ಯಾರಿಗೂ ಕಾಣದ ಹಾಗೆ ನೆನೆಸುತ್ತದೆ.

ಟ್ಯಾಂಕಿನ ತಳ ಪೂರ್ತಿಯಾಗಿ ಹಲಗೆಯ ಒಳಗೇ ಇರಬೇಕು, ಒಂದು ಸೆಂ.ಮೀ. ಕೂಡ ಹೊರಗೆ ಚಾಚಬಾರದು. ಹಿಂದೆ ಗೋಡೆಗೆ ಅಂಟಿಸಬೇಡಿ. ಫಿಲ್ಟರಿಗೆ, ವೈರಿಗೆ, ನಿಮ್ಮ ಕೈಗೆ ಏಳೆಂಟು ಸೆಂ.ಮೀ. ಬೇಕು. ಬಿಸಿಲು ನೇರ ಬೀಳುವ ಕಿಟಕಿ ಪಕ್ಕ ಬೇಡ, ಪಾಚಿ ಕಟ್ಟುತ್ತದೆ. ಬೀರುವನ್ನು ಗೋಡೆಗೆ ಎರಡು ಕಡೆ ಎಲ್ ಆಕಾರದ ಕ್ಲಾಂಪ್ ಹಾಕಿ ಬಿಗಿದುಬಿಡಿ. ಇದನ್ನು ಬಿಡಲೇಬೇಡಿ. ಡ್ರಾಯರ್ ಬೀರುವಿಗೆ ಬೇರೆ ಪೀಠೋಪಕರಣಕ್ಕಿಲ್ಲದ ಒಂದು ಅಪಾಯ ಇದೆ. ತುಂಬಿದ ಡ್ರಾಯರ್‌ಗಳನ್ನು ಒಟ್ಟಿಗೆ ಎಳೆದರೆ ಭಾರ ಮುಂದಕ್ಕೆ ಬರುತ್ತದೆ. ಮಕ್ಕಳು ಅವನ್ನೇ ಮೆಟ್ಟಿಲು ಮಾಡಿಕೊಂಡು ಮೀನು ನೋಡಲು ಹತ್ತುತ್ತಾರೆ. ಮೇಲೆ ಮೀನಿದೆ ಅಂದಮೇಲೆ ಹತ್ತದೆ ಇರುತ್ತಾರಾ?

ಕರೆಂಟಿನ ವಿಷಯದಲ್ಲಿ ಎರಡೇ ಮಾತು. ಪ್ಲಗ್ಗಿಗೆ ಹೋಗುವ ಪ್ರತಿ ವೈರೂ ಪ್ಲಗ್ಗಿಗಿಂತ ಕೆಳಗೆ ಒಮ್ಮೆ ಇಳಿದು, ಆಮೇಲೆ ಮೇಲೆ ಏರಿ ಪ್ಲಗ್ಗಿಗೆ ಸೇರಬೇಕು. ವೈರ್ ಹಿಡಿದು ಬಂದ ಹನಿ ಆ ತಗ್ಗಿನಲ್ಲೇ ನೆಲಕ್ಕೆ ಬೀಳುತ್ತದೆ, ಪ್ಲಗ್ಗಿನ ಒಳಗೆ ಹೋಗುವುದಿಲ್ಲ. ನನ್ನ ಕಪಾಟಿಗೂ ಇಂಥ ಒಂದು ತಗ್ಗು ಅಂಚಿನಿಂದ ದೂರ ಇದ್ದಿದ್ದರೆ ಸಾಕಿತ್ತು. ಇನ್ನೊಂದು, ಏರ್ ಪಂಪನ್ನು ನೀರಿನ ಮಟ್ಟಕ್ಕಿಂತ ಕೆಳಗೆ ಇಡುವುದಾದರೆ ಪೈಪಿನಲ್ಲಿ ನೀರು ಹಿಂದಕ್ಕೆ ಬರದಂತೆ ತಡೆಯುವ ವಾಲ್ವ್ ಹಾಕಿ. ಕರೆಂಟ್ ಹೋದಾಗ ನೀರು ಪೈಪಿನಲ್ಲಿ ಹಿಂದಕ್ಕೆ ಇಳಿದು ಪಂಪಿಗೂ, ಡ್ರಾಯರಿಗೂ ಸೇರುವುದನ್ನು ಕಂಡಿದ್ದೇನೆ.

ನೀರು ತುಂಬಿದ ಮೇಲೆ ಟ್ಯಾಂಕನ್ನು ಸರಿಸಬೇಡಿ. ‘ಎರಡು ಬೆರಳು ಆಚೆ’ ಕೂಡ ಬೇಡ. ಬೀರುವನ್ನು ತಳ್ಳುವುದಂತೂ ಬೇಡವೇ ಬೇಡ. ತುಂಬಿಸುವುದನ್ನೂ ಒಂದೇ ಸಲ ಮಾಡಬೇಡಿ. ಅರ್ಧ ತುಂಬಿಸಿ ಒಂದು ರಾತ್ರಿ ಬಿಡಿ, ಬೆಳಿಗ್ಗೆ ಮೂಲೆಗಳನ್ನು ಒಣ ಬಟ್ಟೆಯಲ್ಲಿ ಒರೆಸಿ ತೇವ ಇದೆಯಾ ನೋಡಿ, ಆಮೇಲೆ ಪೂರ್ತಿ ತುಂಬಿಸಿ.

ಕೊನೆಗೆ ಬಟ್ಟೆಯ ಪ್ರಶ್ನೆ. ಕೆಳಗಿನ ಡ್ರಾಯರ್‌ಗಳಲ್ಲಿ ಇಡಬಹುದು. ಕೆಳಗೆ ತೂಕ ಇದ್ದರೆ ಬೀರು ಇನ್ನೂ ಗಟ್ಟಿಯಾಗಿ ನಿಲ್ಲುತ್ತದೆ, ಅದು ಒಳ್ಳೆಯದೇ. ಮನೆಪತ್ರ, ಸರ್ಟಿಫಿಕೇಟು, ಎಕ್ಸ್‌ಟೆನ್ಷನ್ ಬೋರ್ಡು ಮಾತ್ರ ಯಾವ ಡ್ರಾಯರಿನಲ್ಲೂ ಬೇಡ. ಮೊದಲನೇ ಡ್ರಾಯರನ್ನು ಖಾಲಿ ಬಿಡಿ. ಅದರ ತಳಕ್ಕೆ ಒಂದು ಹಾಳೆ ಹಳೇ ಪೇಪರ್ ಹಾಸಿ. ವಾರಕ್ಕೊಮ್ಮೆ ನೀರು ಬದಲಿಸಿದ ದಿನ ಆ ಡ್ರಾಯರ್ ಪೂರ್ತಿ ಎಳೆದು ಪೇಪರ್ ನೋಡಿ. ಹನಿ ಬಿದ್ದಿದ್ದರೆ ಪೇಪರ್ ಮೇಲೆ ಸುತ್ತಲೂ ಕಂದು ಅಂಚಿನ ಕಲೆ ಕಟ್ಟಿರುತ್ತದೆ, ಒಣಗಿದ ಮೇಲೂ ಹೋಗಿರುವುದಿಲ್ಲ. ಕಲೆ ಯಾವ ಕಡೆ ಇದೆಯೋ ಅದರ ನೇರಕ್ಕೆ ಟಾರ್ಚ್ ಬಿಟ್ಟು ಮೇಲೆ ನೋಡಿ, ನೀರು ಎಲ್ಲಿಂದ ಇಳಿಯುತ್ತಿದೆ ಅಂತ ಗೊತ್ತಾಗುತ್ತದೆ.